ಆನೆಯ ಹೆಜ್ಜೆ ಹೇಳುವ ಲೆಕ್ಕ

ಪೊನ್ನಂಪೇಟೆಯ ಬಂಧುಗಳೇ, ಮಳೆಯನ್ನೂ ಲೆಕ್ಕಿಸದೆ ಬಂದಿದ್ದೀರಿ, ನಮಸ್ಕಾರ.

ಹಿಂದೊಮ್ಮೆ ದುಬಾರೆಯಲ್ಲಿ ಹೊಳೆಯಲ್ಲಿ ಮಿಂದ ಹೆಣ್ಣಾನೆಯೊಂದು ದಡ ಹತ್ತಿ ಹೋಯಿತು. ಒದ್ದೆ ಮಣ್ಣಿನಲ್ಲಿ ಅದರ ಮುಂಗಾಲಿನ ಅಚ್ಚು ಮೂಡಿತ್ತು. ಆನೆಯನ್ನು ನೋಡಿಕೊಳ್ಳುವ ಕಾವಾಡಿ ಒಂದು ಹಗ್ಗವನ್ನು ಆ ಅಚ್ಚಿನ ಅಂಚಿಗೆ ಸುತ್ತ ಇಟ್ಟು ಅಳೆದರು: ನಾಲ್ಕು ಅಡಿ. "ಇದರ ಎರಡರಷ್ಟು ಅದರ ಹೆಗಲಿನ ಎತ್ತರ, ಎಂಟಡಿ" ಎಂದರು. ಸರಿಯಾದ ಮಾತು. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಎತ್ತರಕ್ಕೆ ಬಹಳ ಹತ್ತಿರ ಬರುತ್ತದೆ. ಎತ್ತರ ಸಿಕ್ಕಿತು, ವಯಸ್ಸು ಸಿಗುತ್ತದೆಯೇ? ಅದಕ್ಕೆ ಬೆಳವಣಿಗೆಯ ಗಣಿತ ಬೇಕು.

ವಯಸ್ಸಿಗೆ ಎತ್ತರ ತೋರಿಸುವ ನಕ್ಷೆಯಲ್ಲಿ ವರ್ಷಕ್ಕೆ ಇಷ್ಟು ಇಂಚು ಎಂದು ನೇರ ಗೆರೆ ಎಳೆದರೆ ನಲವತ್ತರ ಆನೆ ಸಿಲ್ವರ್ ಓಕ್ ಮರದಷ್ಟು ಎತ್ತರವಾಗಬೇಕಾಗುತ್ತದೆ. ಹಾಗೆ ಆಗುವುದಿಲ್ಲ. ಏಕೆ ಎಂಬುದಕ್ಕೆ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲಾನ್ಫಿ 1938ರಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ದೇಹ ಆಹಾರವನ್ನು ಒಳಗೆ ಎಳೆದುಕೊಳ್ಳುವುದು ಮೇಲ್ಮೈಯ ಮೂಲಕ. ಖರ್ಚು ಮಾಡುವುದು ಇಡೀ ದೇಹ. ಉದ್ದ ಎರಡು ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಆದಾಯಕ್ಕಿಂತ ಖರ್ಚು ವೇಗವಾಗಿ ಏರುತ್ತದೆ. ಎರಡೂ ಸಮನಾದ ದಿನ ಬೆಳವಣಿಗೆ ನಿಲ್ಲುತ್ತದೆ.

ಇದರಿಂದ ಹುಟ್ಟುವ ಸೂತ್ರದ ಸಾರ ಸರಳ: ಪ್ರತಿ ವರ್ಷ ಪ್ರಾಣಿ ಇನ್ನೂ ಬೆಳೆಯಲು ಉಳಿದಿರುವ ಎತ್ತರದಲ್ಲಿ ಒಂದೇ ಪಾಲನ್ನು ಬೆಳೆಯುತ್ತದೆ. ಮರಿ 100 ಸೆಂ.ಮೀ., ಕೊನೆಯ ಎತ್ತರ 240 ಎಂದಿಟ್ಟುಕೊಳ್ಳಿ. ಉಳಿದದ್ದು 140. ಪಾಲು ಹತ್ತನೇ ಒಂದಾದರೆ ಮೊದಲ ವರ್ಷ 14 ಸೆಂ.ಮೀ., ಎರಡನೆಯದರಲ್ಲಿ 12.6, ಹತ್ತನೆಯದರಲ್ಲಿ ಐದೂವರೆಗೂ ಕಡಿಮೆ. ಗಂಡಾನೆ ಹೆಣ್ಣಿಗಿಂತ ಹೆಚ್ಚು ವರ್ಷ ಬೆಳೆಯುತ್ತದೆ, ಆದ್ದರಿಂದ ಅದಕ್ಕೆ ಬೇರೆಯೇ ಗೆರೆ ಬೇಕು.

ಇಲ್ಲಿ ಹಂದಿ ಸಾಕುವವರೂ ಇದ್ದೀರಿ. ನಿಮಗೆ ಬೇಕಾದದ್ದು ಎತ್ತರವಲ್ಲ, ತೂಕ. ತೂಕದ ಗೆರೆ ಮೊದಲು ಮೆಲ್ಲಗೆ, ಆಮೇಲೆ ಕಡಿದಾಗಿ ಏರಿ, ಕೊನೆಗೆ ಬಾಗುತ್ತದೆ. ಅದಕ್ಕೆ ಹೆಚ್ಚಾಗಿ ಬಳಸುವುದು ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ ಸೂತ್ರ. ಆತ ಅದನ್ನು 1825ರಲ್ಲಿ ಕಂಡುಕೊಂಡದ್ದು ವಿಮೆಗಾಗಿ, ಮನುಷ್ಯರ ಸಾವಿನ ಲೆಕ್ಕದಲ್ಲಿ! ಬೆಳವಣಿಗೆಗೆ ಅದನ್ನು ಹೊಂದಿಸಿದ್ದು ಸುಮಾರು ನೂರು ವರ್ಷಗಳ ನಂತರ. ಅದರ ಪ್ರಕಾರ ದಿನದ ತೂಕದ ಏರಿಕೆ ಅತಿ ಹೆಚ್ಚಾಗಿರುವುದು ಪ್ರಾಣಿ ಪೂರ್ಣ ತೂಕದ ಸುಮಾರು 37 ಶೇಕಡಾ ತಲುಪಿದಾಗ. 200 ಕೆ.ಜಿ.ಗೆ ನಿಲ್ಲುವ ತಳಿಯಾದರೆ 74 ಕೆ.ಜಿ. ಆಸುಪಾಸು. ಆ ನಂತರ ಕೊಡುವ ಮೇವಿನಲ್ಲಿ ಹೆಚ್ಚು ಹೆಚ್ಚು ಪಾಲು ಇರುವ ದೇಹವನ್ನು ನಡೆಸುವುದಕ್ಕೇ ಹೋಗುತ್ತದೆ. ದಯವಿಟ್ಟು ವಾರಕ್ಕೊಮ್ಮೆ ತೂಕ ಬರೆದಿಡಿ. ನಿಮ್ಮ ತಳಿಯ ಗೆರೆಯನ್ನು ಇನ್ನಾರೂ ನಿಮಗೆ ಬರೆದುಕೊಡಲಾರರು.

ಮತ್ತೆ ಆ ಹೆಜ್ಜೆಗೆ ಬರೋಣ. ಚಿಕ್ಕ ಆನೆಯಾದರೆ ಗೆರೆ ಕಡಿದಾಗಿರುತ್ತದೆ. ಎತ್ತರದಿಂದ ವಯಸ್ಸನ್ನು ಒಂದೆರಡು ವರ್ಷದ ಹೆಚ್ಚುಕಡಿಮೆಯಲ್ಲಿ ಊಹಿಸಬಹುದು. ಗೆರೆ ಮಟ್ಟಸವಾದ ಮೇಲೆ ಇಪ್ಪತ್ತೈದರ ಹೆಣ್ಣಾನೆಯೂ ನಲವತ್ತರದೂ ಹೆಚ್ಚುಕಡಿಮೆ ಒಂದೇ ಅಚ್ಚು ಒತ್ತುತ್ತವೆ. ಅಲ್ಲಿ ಹಗ್ಗದಿಂದ ಪ್ರಯೋಜನವಿಲ್ಲ. ಕಾವಾಡಿಯೂ ಅಂದು ವಯಸ್ಸು ಹೇಳಲು ಹೆಜ್ಜೆಯನ್ನು ಬಿಟ್ಟು ತಲೆಯೆತ್ತಿ, ಆನೆಯ ಕಿವಿಯ ಮೇಲಂಚು ಎಷ್ಟು ಮಡಚಿಕೊಂಡಿದೆ ಎಂದು ನೋಡಿದರು.