ಕಲ್ಲಿನ ಮೇಲೆ ಬದುಕುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಕಲ್ಲಿನ ಕಟ್ಟಡ ಯಾವುದೇ ಇರಲಿ, ಮಳೆನೀರು ಇಳಿಯುವ ಕಡೆ ಉದ್ದುದ್ದ ಕಪ್ಪು ಪಟ್ಟೆ ಇದ್ದೇ ಇರುತ್ತದೆ. ವಿಗ್ರಹದ ಹೆಗಲ ಮೇಲೆ ಬೂದು ಬಣ್ಣದ ಚಕ್ಕೆ, ಕೆತ್ತನೆಯ ಸಂದಿಗಳಲ್ಲಿ ಹಸಿರು. ನೋಡಿದವರು "ಅಯ್ಯೋ, ಯಾರೂ ತೊಳೆಯೋದೇ ಇಲ್ವಾ" ಅಂತ ಮರುಗುತ್ತಾರೆ. ಅದರಲ್ಲಿ ಹೊಗೆ, ಧೂಳು ಇಲ್ಲ ಅಂತಲ್ಲ. ಆದರೆ ಬಹಳಷ್ಟು ಕಡೆ ಅಲ್ಲಿರುವುದು ಜೀವ. ಇವತ್ತು ಅದರ ಬಗ್ಗೆ ಮಾತಾಡೋಣ. ಯಾಕೆಂದರೆ ಅದನ್ನು ಕೊಳೆ ಅಂದುಕೊಂಡು ಉಜ್ಜಿದಾಗ ಕಲ್ಲಿಗೇ ಜಾಸ್ತಿ ಪೆಟ್ಟಾಗುತ್ತದೆ.

ಬರೀ ಕಲ್ಲಿನ ಮೇಲೆ ಸಾಮಾನ್ಯವಾಗಿ ಮೊದಲು ಬಂದು ನೆಲೆಸುವುದು ಸಯನೋಬ್ಯಾಕ್ಟೀರಿಯಾ, ಅಂದರೆ ಗಿಡಗಳ ಹಾಗೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ, ಮತ್ತು ಪಾಚಿ. ಬೆಳಕು, ಗಾಳಿ, ಒಂದಿಷ್ಟು ತೇವ ಸಿಕ್ಕರೆ ಸಾಕು, ಬದುಕಿಬಿಡುತ್ತವೆ. ಸುಡುಬಿಸಿಲಿನಿಂದ ಉಳಿಯಲು ಕೆಲವು ತಮ್ಮ ಸುತ್ತ ಗಾಢ ಬಣ್ಣದ ಹೊದಿಕೆ ಮಾಡಿಕೊಳ್ಳುತ್ತವೆ. ಆ ಕಪ್ಪು ಪಟ್ಟೆ ಎಷ್ಟೋ ಸಲ ಇದೇ ಹೊದಿಕೆಯ ಬಣ್ಣ. ಇವು ಬಿಟ್ಟದ್ದನ್ನು ತಿನ್ನಲು ಬೇರೆ ಬ್ಯಾಕ್ಟೀರಿಯಾ ಬರುತ್ತವೆ, ಬೂಷ್ಟು ಬರುತ್ತದೆ. ಎಲ್ಲವೂ ಸೇರಿ ಅಂಟಂಟಾದ ಒಂದು ಲೋಳೆ ಪದರ ಕಟ್ಟುತ್ತವೆ. ಬಯೋಫಿಲ್ಮ್ ಅನ್ನುವುದು ಇದಕ್ಕೇ.

ಆಮೇಲೆ ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಜೊತೆಯಾಗಿ ನಡೆಸುವ ಸಂಸಾರ ಅದು. ಬಯಲಿನಲ್ಲಿ ಬಿದ್ದಿರುವ ಯಾವುದಾದರೂ ಬಂಡೆಯ ಮೇಲೆ ಒಣಗಿ ಬೂದುಬಣ್ಣಕ್ಕೆ ತಿರುಗಿದ ಚಕ್ಕೆ ಕಂಡರೆ, ಅದರ ಮೇಲೆ ಒಂದು ಹನಿ ನೀರು ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಎಷ್ಟೋ ಜಾತಿಗಳಲ್ಲಿ ಸ್ವಲ್ಪ ಹೊತ್ತಿಗೇ ಹಸಿರು ಮೇಲೆದ್ದು ಬರುತ್ತದೆ. ಒಣಗಿದಾಗ ಮಬ್ಬಾಗಿದ್ದ ಮೇಲಿನ ಪೊರೆ ನೆನೆದ ಕೂಡಲೇ ತಿಳಿಯಾಗಿ, ಒಳಗಿನ ಪಾಚಿ ಕಾಣಿಸುತ್ತದೆ. ಸತ್ತೇಹೋಗಿದೆ ಅನ್ನಿಸಿದ್ದು ನಮ್ಮ ಕಣ್ಣೆದುರೇ ಕೆಲಸಕ್ಕೆ ಇಳಿಯುತ್ತದೆ! ಇವು ಬೆಳೆಯುವುದು ಬಲು ನಿಧಾನ. ಕಲ್ಲಿಗೆ ಅಂಟಿಕೊಂಡಿರುವ ಕೆಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಂಗೈಯಗಲದ ಒಂದು ಚಕ್ಕೆಗೆ ನೂರು ವರ್ಷ ದಾಟಿರಬಹುದು.

ಇನ್ನು ಕೆಲವು ಜೀವಿಗಳು ಕಲ್ಲಿನ ಒಳಗೇ ಇಳಿಯುತ್ತವೆ. ಮರಳುಗಲ್ಲು, ಅಮೃತಶಿಲೆಗಳ ಕಣಗಳ ನಡುವೆ ಸೇರಿಕೊಂಡು, ಅಲ್ಲಿಗೆ ಇಳಿದು ಬರುವ ಮಂದ ಬೆಳಕಿನಲ್ಲೇ ಬದುಕುತ್ತವೆ. ಅಂಥ ಕಲ್ಲಿನ ತುಂಡು ಮುರಿದರೆ ಮೇಲ್ಮೈಯಿಂದ ಒಂದೆರಡು ಮಿಲಿಮೀಟರ್ ಕೆಳಗೆ ಹಸಿರು ಗೆರೆ ಕಾಣುತ್ತದೆ. ಬ್ರಷ್ ಹಾಕಿ ಎಷ್ಟು ಉಜ್ಜಿದರೂ ಇವನ್ನು ಮುಟ್ಟಲು ಆಗುವುದಿಲ್ಲ.

ಇವುಗಳಿಂದ ಕಲ್ಲಿಗೆ ಹಾನಿ ಇದೆಯಾ? ಇದೆ. ಲೋಳೆ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಸೆಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕಲ್ಲಿನ ಕಣಗಳ ಹಿಡಿತ ಸಡಿಲವಾಗುತ್ತದೆ. ಕಲ್ಲುಹೂವಿನ ಎಳೆಗಳು ಸಂದಿಗಳಲ್ಲಿ ನುಗ್ಗುತ್ತವೆ, ಆಕ್ಸಾಲಿಕ್ ಆಮ್ಲ ಬಿಡುತ್ತವೆ. ಅಮೋನಿಯಾವನ್ನು ನೈಟ್ರಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳೂ ಇವೆ, ಸುಣ್ಣಕಲ್ಲು ಅದಕ್ಕೆ ಕರಗುತ್ತದೆ.

ಆದರೆ ಇದೇ ಆಕ್ಸಾಲಿಕ್ ಆಮ್ಲ ಕಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಇದು ನೀರಿಗೆ ಸುಲಭಕ್ಕೆ ಕರಗುವುದಿಲ್ಲ, ಹಾಗಾಗಿ ಕೆಲವೊಮ್ಮೆ ಕಲ್ಲಿಗೆ ಹೊದಿಕೆಯಂತಾಗುತ್ತದೆ. ಕೆಲವು ಕಡೆ ಕಲ್ಲುಹೂವಿನ ದಟ್ಟ ಪದರ ಮಳೆಯ ಹೊಡೆತವನ್ನೂ ತಡೆಯುತ್ತದೆ. ಅದನ್ನು ಕೆರೆದು ತೆಗೆದರೆ ಅದರ ಜೊತೆಗೆ ಕಲ್ಲಿನ ಕಣಗಳೂ ಎದ್ದು ಬರುತ್ತವೆ. ಕೆತ್ತಿದ ಮುಖದ ತುಟಿ, ಕಣ್ರೆಪ್ಪೆ, ಶಾಸನದ ಅಕ್ಷರ ಹೀಗೇ ಹೋದರೆ ಮತ್ತೆ ಯಾರಿಂದಲೂ ತರಲು ಆಗುವುದಿಲ್ಲ. ನನಗೆ ಭಯ ಇರುವುದು ಇದರ ಬಗ್ಗೆ.

ಫ್ರಾನ್ಸಿನ ಲಾಸ್ಕೋ ಗುಹೆಯ ಕತೆ ಕೇಳಿ. ಸಾವಿರಾರು ವರ್ಷ ಹಿಂದಿನ ಚಿತ್ರಗಳಿರುವ ಈ ಗುಹೆ 1940ರಲ್ಲಿ ಸಿಕ್ಕಿತು. ಜನ ಮುಗಿಬಿದ್ದು ನೋಡಿದರು. ಅವರ ಉಸಿರಿನ ತೇವ, ಒಳಗೆ ಹಾಕಿದ ದೀಪದ ಬೆಳಕು ಸೇರಿ ಗೋಡೆಗೆ ಹಸಿರು ಪಾಚಿ ಹಿಡಿಯಿತು. 1963ರಲ್ಲಿ ಗುಹೆಯನ್ನು ಜನರಿಗೆ ಮುಚ್ಚಿದರು. 2001ರಲ್ಲಿ ಬಿಳಿ ಬೂಷ್ಟು ಕಾಣಿಸಿಕೊಂಡಿತು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಕ್ರಿಮಿನಾಶಕ ಹೊಡೆದರು. ಮುಂದೆ ಕಪ್ಪು ಕಲೆಗಳು ಎದ್ದವು. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳೇ ಅಲ್ಲಿ ಹೆಚ್ಚಿದ್ದವು ಅಂತ ಪರೀಕ್ಷೆ ಮಾಡಿದ ವಿಜ್ಞಾನಿಗಳು ಕಂಡುಕೊಂಡರು. ಒಳ್ಳೆಯದೇ ಆಗಲಿ ಅಂತ ಮಾಡಿದ ಕೆಲಸ ಅದು. ಆದರೂ ಒಂದನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬಂತು.

ಹಾಗಾಗಿ ಈಗ ಸಂರಕ್ಷಕರು ಕೈ ಬಿಗಿ ಹಿಡಿದು ಕೆಲಸ ಮಾಡುತ್ತಾರೆ. ವಾಷಿಂಗ್ಟನ್ನಿನ ಜೆಫರ್ಸನ್ ಸ್ಮಾರಕದ ಬಿಳಿ ಗುಮ್ಮಟ ಬಯೋಫಿಲ್ಮ್‌ನಿಂದ ಕಪ್ಪಾದಾಗ, ಬೇರೆ ಬೇರೆ ವಿಧಾನಗಳನ್ನು ಚಿಕ್ಕ ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ಕೊನೆಗೆ ಲೇಸರ್ ಬಳಸಿದರು. ಇಟಲಿಯಲ್ಲಂತೂ ಬ್ಯಾಕ್ಟೀರಿಯಾಗಳನ್ನೇ ಕೂಲಿಗೆ ಕರೆದಿದ್ದಾರೆ. ಫ್ಲಾರೆನ್ಸಿನ ಮೆಡಿಚಿ ಚಾಪೆಲ್‌ನಲ್ಲಿ ಮೈಕೆಲೆಂಜೆಲೊ ಕಡೆದ ಸಮಾಧಿಗಳಿವೆ. ಆರಿಸಿ ತಂದ ಬ್ಯಾಕ್ಟೀರಿಯಾಗಳು ಅಲ್ಲಿನ ಅಮೃತಶಿಲೆಗೆ ಹಿಡಿದಿದ್ದ ಹಳೆಯ ಕಲೆಗಳನ್ನು ತಿಂದು ತೆಗೆದವು.

ಇಷ್ಟೆಲ್ಲ ಮಾಡಿದರೂ ನೀರು ಹಳೆಯ ದಾರಿಯಲ್ಲೇ ಹರಿದರೆ ಅವೇ ಜೀವಿಗಳು ಮತ್ತೆ ಬರುತ್ತವೆ. ಅದಕ್ಕೇ ಬಲ್ಲವರು ಮೊದಲು ನೋಡುವುದು ಚಾವಣಿ ಎಲ್ಲಿ ಸೋರುತ್ತಿದೆ, ಮಳೆನೀರು ಎಲ್ಲಿ ನಿಲ್ಲುತ್ತಿದೆ, ಯಾವ ಗಿಡ ಗೋಡೆಗೆ ಒತ್ತಿಕೊಂಡು ನೆರಳು ಮಾಡುತ್ತಿದೆ ಅನ್ನುವುದನ್ನು. ನೀವು ಸ್ಮಾರಕ ನೋಡಲು ಹೋದಾಗ ಕಲ್ಲಿನ ಮೇಲಿನ ಚಕ್ಕೆಯನ್ನು ಸುಮ್ನೆ ಉಗುರಿನಲ್ಲೂ ಕೆರೆಯಬೇಡಿ. ಯಾರಾದರೂ ತಂತಿಯ ಬ್ರಷ್, ಆ್ಯಸಿಡ್ ಹಿಡಿದು ಶುಚಿ ಮಾಡಲು ಹೊರಟರೆ ತಡೆಯಿರಿ, ಅಲ್ಲಿನ ಸಂರಕ್ಷಣಾ ಸಿಬ್ಬಂದಿಗೆ ತಿಳಿಸಿ.

ನಮಸ್ಕಾರ.