ಕಿರೀಟ ಬಿಡಿ, ಕೈ ನೋಡಿ

ನಮಸ್ಕಾರ. ಅಡುಗೆಮನೆ ಕಟ್ಟೆ ಮೇಲೆ ರೇಡಿಯೋ ಇಟ್ಕೊಂಡು ರೊಟ್ಟಿ ತಟ್ತಿರೋ ಅಕ್ಕಂದ್ರಿಗೆ, ಅಂಗಡಿ ಬಾಗ್ಲು ತೆಗೆದು ಕೂತಿರೋ ಅಣ್ಣಂದ್ರಿಗೆ, ಹೊಲದ ದಾರೀಲಿ ಮೊಬೈಲಲ್ಲೇ ಕೇಳ್ತಿರೋ ಹುಡುಗ್ರಿಗೆ, ಎಲ್ರಿಗೂ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು, ಈಗ ರಿಟೈರ್ ಆಗಿ ಚಿತ್ರದುರ್ಗದಲ್ಲೇ ಇದೀನಿ. ಇವತ್ತು ಮಾತಾಡೋದು ಟೀವೀಲಿ ಬರೋ ರಾಜರ ಕಾಲದ ಸೀರಿಯಲ್ ಬಗ್ಗೆ. ನಮ್ಮ ಬೀದೀಲಿ ರಾತ್ರಿ ಎಪಿಸೋಡ್ ಮುಗಿದಿದ್ದೇ ತಡ, ಎಂಟತ್ತು ಜನ ಕಟ್ಟೆಗೆ ಬಂದು ಕೂತ್ಕೋತಾರೆ, ರಾಣಿ ಸೀರೆ ಆ ಕಾಲದ್ದೇ ಹೌದಾ, ರಾಜನ ಮೀಸೆ ಹಂಗಿತ್ತಾ, ಡೈರೆಕ್ಟ್ರು ಒಂದೇ ಮುಖಾನ ಮೂರು ಸಲ ಯಾಕೆ ತೋರಿಸಿದ್ರು ಅಂತ ಶುರುವಾದ್ರೆ ಹನ್ನೊಂದು ಗಂಟೆ ಆದ್ರೂ ಮುಗಿಯಲ್ಲ, ಕೊನೆಗೆ "ಮೇಷ್ಟ್ರೇ, ನೀವೇ ಹೇಳಿ" ಅಂತ ನನ್ ಕಡೆ ತಿರುಗ್ತಾರೆ.

ನಾನು ಹೇಳೋದು ಒಂದೇ ಮಾತು. ಕಿರೀಟ ಬಿಡಿ, ಕೈ ನೋಡಿ. ಆ ಪಾತ್ರ ಕೈಯಲ್ಲಿ ಏನು ಹಿಡಿದಿದೆ, ಹೆಂಗೆ ಹಿಡಿದಿದೆ, ಅಷ್ಟು ನೋಡಿದ್ರೆ ಸಾಕು, ಡೈರೆಕ್ಟ್ರು ಇತಿಹಾಸ ಓದಿದಾರೋ ಇಲ್ವೋ ಗೊತ್ತಾಗುತ್ತೆ.

ಈಗ ಒಂದು ಕದಂಬರ ಕಾಲದ ಕಥೆ ಅಂದ್ಕೊಳ್ಳಿ. ಅವರ ಮೊದಲ ರಾಜ ಮಯೂರಶರ್ಮ, 4ನೇ ಶತಮಾನ. ಅವನು ಕೆರೆ ಕಟ್ಟಿಸಿದ ಶಾಸನ ನಮ್ಮ ಚಂದ್ರವಳ್ಳೀಲೇ ಬಂಡೆ ಮೇಲೆ ಇದೆ, ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿ. ಅಂಥ ಕಥೇಲಿ ಅಡುಗೆಯವಳು ಕೆಂಪು ಮೆಣಸಿನಕಾಯಿ ಹುರೀತಾ ಕೂತ್ರೆ ಹೆಂಗೆ? ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದಿದ್ದೇ ಪೋರ್ಚುಗೀಸರ ಜೊತೆ, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಮೇಲೆ. ಅದಕ್ಕೂ ಮುಂಚೆ ನಮಗೆ ಖಾರ ಅಂದ್ರೆ ಕಾಳುಮೆಣಸು. ಹೊಸ ಕಾಯಿ ಬಂತು, ಮೆಣಸಿನ ಥರ ಖಾರ ಇತ್ತು, ಮೆಣಸಿನ ಕಾಯಿ ಅಂದ್ರು. ಹೆಸರಲ್ಲೇ ಇತಿಹಾಸ ಇದೆ, ದಿನಾ ಬಾಯಲ್ಲಿ ಆಡ್ತೀವಿ, ಗಮನಿಸಲ್ಲ. ದಾವಣಗೆರೆ ಕಡೆ ಎಲ್ಲಿ ನೋಡಿದ್ರೂ ಮೆಕ್ಕೆಜೋಳ, ಚಳ್ಳಕೆರೆ ಕಡೆ ಶೇಂಗಾ, ಎರಡೂ ಅಮೆರಿಕದಿಂದ ಬಂದ ಬೆಳೆಗಳೇ. ದಾರಿ ಪಕ್ಕ ಇರೋ ಬಳ್ಳಾರಿ ಜಾಲೀನೂ ಅಲ್ಲಿಂದಲೇ. ಮೆಕ್ಕೆಜೋಳದ ಹೊಲದ ನಡುವೆ ಮಯೂರಶರ್ಮ ಕುದುರೆ ಓಡಿಸಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಪಕ್ಕದಲ್ಲೇ ನವಣೆ ಹೊಲ ಸಿಗ್ತಿತ್ತಲ್ಲ, ಅಲ್ಲಿ ಕ್ಯಾಮೆರಾ ಇಡಬಹುದಿತ್ತಲ್ಲ.

ಕೈ ನೋಡಿ ಅಂದ್ನಲ್ಲ, ಅದನ್ನ ನನಗೆ ಕಲಿಸಿದ್ದು ನಮ್ಮ ಬೀದಿ ಅಜ್ಜಿ. ಅದನ್ನ ಹೇಳ್ಲೇಬೇಕು.

ಪಾಳೇಗಾರರ ಕಾಲದ ಒಂದು ಸೀರಿಯಲ್‌ನಲ್ಲಿ ಓಬವ್ವನ ಎಪಿಸೋಡ್ ಬಂತು. ದುರ್ಗದೋರಿಗೆ ಓಬವ್ವ ಅಂದ್ರೆ ಮನೆ ಮಗಳು, ಎಲ್ರೂ ಕೆಲ್ಸ ಬಿಟ್ಟು ಕೂತಿದ್ವಿ. ಆ ನಟಿ ಒನಕೇನ ಹೆಗಲ ಮೇಲಿಂದ ತಿರುಗಿಸಿ ಕ್ರಿಕೆಟ್ ಬ್ಯಾಟ್ ಥರ ಬೀಸಿದ್ರು, ಹಿಂದೆ ನಗಾರಿ, ಸ್ಲೋ ಮೋಷನ್, ಜೊತೆಗೆ ದೊಡ್ಡ ದನೀಲಿ ಒಂದು ಪುಟದಷ್ಟು ಡೈಲಾಗು. ಹುಡುಗ್ರು ಚಪ್ಪಾಳೆ ಹೊಡೆದ್ರು. ಅಜ್ಜಿ ಮಾತ್ರ ಸುಮ್ನೆ ಎದ್ದು ಹೋದ್ರು. ಮಾರನೇ ದಿನ ಕಟ್ಟೆ ಮೇಲೆ ಕೇಳಿದ್ದಕ್ಕೆ "ಆ ಹುಡುಗಿ ಜೀವಮಾನದಾಗೆ ಒನಕೆ ಮುಟ್ಟಿಲ್ಲ ಬಿಡ್ರಿ ಮೇಷ್ಟ್ರೇ" ಅಂದ್ರು. ಹುಡುಗ್ರು ಬಿಡ್ಲಿಲ್ಲ, ಅಜ್ಜಿ ಅದು ಸ್ಟೈಲು, ಡೈರೆಕ್ಷನ್ನು ಅಂತ ವಾದ. ಸರಿ, ಭಾನುವಾರ ಎಲ್ರೂ ಕೋಟೆಗೆ ಹೋಗೋದು ಅಂತಾಯ್ತು, ಅಜ್ಜಿ ಅಟ್ಟದ ಮೇಲಿದ್ದ ಹಳೇ ಒನಕೆ ಇಳಿಸಿ ಒಬ್ಬ ಹುಡುಗನ ಹೆಗಲಿಗೆ ಹೊರಿಸಿದ್ರು. ಬಿಸಿಲು ಏರೋದ್ರೊಳಗೆ ಒನಕೆ ಕಿಂಡಿ ಮುಟ್ಟಿದ್ವಿ, ಬಂಡೆ ನಡುವೆ ಒಬ್ರೇ ನುಸಿಯೋವಷ್ಟು ಇಕ್ಕಟ್ಟಾದ ಸಂದು ಅದು. ಅಲ್ಲೇ ಪಕ್ಕದಲ್ಲಿ ತಣ್ಣೀರು ದೋಣಿ ಅನ್ನೋ ನೀರಿನ ಹೊಂಡ. ಕೋಟೆ ಕಾವಲಿದ್ದ ಗಂಡ ಊಟಕ್ಕೆ ಬಂದಿದ್ದ, ಓಬವ್ವ ನೀರಿಗೆ ಅಂತ ಇಲ್ಲಿಗೇ ಬಂದ್ಲು, ಕಿಂಡಿಯೊಳಗಿಂದ ಹೈದರಾಲಿ ಸೈನಿಕರು ನುಸೀತಿರೋ ಸದ್ದು ಕೇಳಿಸ್ತು ಅಂತ ನಮ್ ಕಡೆ ಹೇಳ್ತಾರಲ್ಲ, ಆ ಜಾಗ.

ಅಜ್ಜಿ ಒಬ್ಬ ಹುಡುಗನ ಕೈಗೆ ಒನಕೆ ಕೊಟ್ಟು "ಈಗ ಬೀಸಪ್ಪ" ಅಂದ್ರು. ಬೀಸಿದ, ಒನಕೆ ಬಂಡೆಗೆ ತಗಲಿ ಅವನ ಮೊಣಕೈ ಜುಂ ಅಂತು. ಅಲ್ಲಿ ಬೀಸೋಕೆ ಜಾಗ ಎಲ್ಲಿದೆ? ಆಮೇಲೆ ಅಜ್ಜಿ ತಾವೇ ಸೆರಗು ಸಿಕ್ಕಿಸಿ, ಕಾಲು ಸ್ವಲ್ಪ ಅಗಲಿಸಿ ನಿಂತು, ನವಣೆ ಕುಟ್ಟೋವಾಗ ಹಿಡಿಯೋ ಹಂಗೇ ಹಿಡಿದು ಎತ್ತಿ ನೇರ ಕೆಳಗೆ ಬಿಟ್ರು. ಧಪ್. ಒನಕೆ ತುದೀಲಿರೋ ಕಬ್ಬಿಣದ ಬಳೆ ನೆಲಕ್ಕೆ ಕೂತಿದ್ದು ನಮ್ಮ ಪಾದಕ್ಕೆ ಗೊತ್ತಾಯ್ತು. "ಇದು ದಿನಾ ಕುಟ್ಟೋ ಕೈ, ಹೊಸದಾಗಿ ಏನೂ ಕಲೀಬೇಕಿಲ್ಲ" ಅಂದ್ರು. ಆಮೇಲೆ ಇನ್ನೊಂದು ಮಾತು ಹೇಳಿದ್ರು ನೋಡಿ, ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರ್ಲಿಲ್ಲ. "ಆಕಿ ಹಂಗೆ ಕೂಗಾಡಿದ್ರೆ ಎರಡನೇದೋನು ಯಾಕ್ ಒಳಗೆ ಬರ್ತಿದ್ದ?"

ಹೌದಲ್ವಾ! ಒಬ್ಬನ್ನ ಹೊಡೆದು, ಹೆಣ ಪಕ್ಕಕ್ಕೆ ಎಳೆದು, ಉಸಿರು ಬಿಗಿ ಹಿಡಿದು ಮುಂದಿನವನಿಗೆ ಕಾದು ನಿಂತಿದ್ದು. ಇಡೀ ಕಥೆ ನಿಂತಿರೋದೇ ಸದ್ದಿಲ್ಲದೆ ಇರೋದ್ರ ಮೇಲೆ. ಅಲ್ಲಿ ನಗಾರಿ ಬಾರಿಸಿದ್ರೆ ಕಥೇನೇ ಸತ್ತುಹೋಯ್ತು. ನಾನು ಡೈರೆಕ್ಟರ್ ಆಗಿದ್ರೆ ಕಿಂಡಿ ಮುಂದೆ ಕ್ಯಾಮೆರಾ ಇಟ್ಟು ಅಲ್ಲಾಡಿಸ್ತಾನೇ ಇರ್ಲಿಲ್ಲ, ನೀರು ತೊಟ್ಟಿಕ್ಕೋ ಸದ್ದು, ಧಪ್, ಆಮೇಲೆ ನೆಲದ ಮೇಲೆ ಎಳೆಯೋ ಸದ್ದು, ಮತ್ತೆ ನೀರು, ಅಷ್ಟೇ. ಕಟ್ಟೆ ಮೇಲೆ ವಾದ ಮಾಡೋ ಹುಡುಗ್ರಿಗೆ ಹೇಳ್ತೀನಿ, ಇತಿಹಾಸ ಬೇರೆ ಡೈರೆಕ್ಷನ್ ಬೇರೆ ಅಂತ ಜಗಳ ಆಡ್ಬೇಡಿ, ಕೈ ಸರಿಯಾದ್ರೆ ಶಾಟ್ ತಾನೇ ಸರಿಯಾಗುತ್ತೆ.

ಟೈಮ್ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ, ಬೇಗ ಹೇಳ್ತೀನಿ. ಶಂಕರ್‌ನಾಗ್ ಮಾಲ್ಗುಡಿ ಡೇಸ್‌ನ ಆಗುಂಬೇಲಿ ತೆಗೆದ್ರು, ನಿಜವಾದ ಹಳೇ ಮನೆ, ನಿಜವಾದ ಕಂಬ, ಅಲ್ಲಿ ಒಬ್ರು ಬಾಗಿಲು ತೆಗೆಯೋದನ್ನ ನೋಡಿ, ಅವಸರ ಇಲ್ಲ. ನಮ್ಮ ಕೋಟೇಲಿ ಸಿಡಿಮದ್ದು ಬೀಸೋ ದೊಡ್ಡ ಕಲ್ಲುಗಳಿವೆ. ಅಂದ್ರೆ ಪಾಳೇಗಾರರ ಕಾಲದಲ್ಲಿ ಮದ್ದು, ಕೋವಿ, ಫಿರಂಗಿ ಎಲ್ಲಾ ಇತ್ತು, ಸೀರಿಯಲ್‌ನೋರು ಬರೀ ಕತ್ತಿ ಕೊಟ್ಟು ಬಿಡ್ತಾರೆ, ಹಂಗೆ ಮಾಡ್ಬಾರ್ದು. ಇನ್ನೊಂದು, ಹೆಸರು ಒಂದೇ ಅಂತ ರಾಜರನ್ನ ಕಲಸಿಬಿಡ್ತಾರೆ. ಮಾಯಕೊಂಡದ ಯುದ್ಧ 1748ರದ್ದು, ದುರ್ಗದ ಪಾಳೇಗಾರ ಹಿರೇಮದಕರಿನಾಯಕ ಅಲ್ಲೇ ಸತ್ತಿದ್ದು, 1779ರಲ್ಲಿ ದುರ್ಗ ಹೈದರಾಲಿ ಕೈ ಸೇರಿದ್ದು ಅದಾದ ಮೂವತ್ತೊಂದು ವರ್ಷಕ್ಕೆ, ಆಗ ಆಳ್ತಿದ್ದ ಮದಕರಿನಾಯಕ ಬೇರೆ. ಇಬ್ಬರನ್ನೂ ಒಬ್ಬನೇ ಮಾಡ್ಬೇಡಿ ದಯವಿಟ್ಟು.

ಮನೇಲಿ ಅಟ್ಟದ ಮೇಲೆ ಒನಕೆ ಇದ್ರೆ ಇವತ್ತೇ ಇಳಿಸಿ, ಅಜ್ಜಿ ಕೈಗೆ ಕೊಟ್ಟು ಹೆಂಗೆ ಹಿಡೀತಾರೆ ನೋಡಿ, ಮೊಬೈಲಲ್ಲಿ ವಿಡಿಯೋ ಮಾಡಿ ಇಟ್ಕೊಳ್ಳಿ. ನಮಸ್ಕಾರ.