ಸಿಬಿಲ್ ಸರಿಮಾಡಿಕೊಳ್ಳಲು ಹೋಗಿ ಮಾಡುವ ತಪ್ಪುಗಳು

ಎಲ್ಲರಿಗೂ ನಮಸ್ಕಾರ. ಅಂಗಡಿ ಬಾಗಿಲು ಹಾಕಿ, ಮನೆ ಕೆಲಸ ಬದಿಗಿಟ್ಟು ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ನಾನು 28 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಜಾಸ್ತಿ ಕಾಲ ಕಳೆದದ್ದು ಸಾಲದ ಮೇಜಿನಲ್ಲೇ. ಕೊನೆಕೊನೆಗೆ ದಿನಾ ಒಂದೇ ಮಾತು ಕೇಳುತ್ತಿದ್ದೆ: "ಸಾರ್, ನನ್ನ ಸಿಬಿಲ್ ಹಾಳಾಗಿದೆ, ಏನಾದರೂ ಮಾಡಿ." "ಸರಿ, ವರದಿ ತೋರಿಸಿ" ಅಂದರೆ ಮೊಬೈಲ್ ತೆಗೆದು ಒಂದು ಅಂಕ ತೋರಿಸುತ್ತಿದ್ದರು. 590, 612, 640, ಹೀಗೆ. ವರದಿ ಎಲ್ಲಿ ಅಂದರೆ, ಇದೇ ಅಲ್ವಾ ಸಾರ್ ಅನ್ನುತ್ತಿದ್ದರು.

ಇದೇ ಮೊದಲನೇ ತಪ್ಪು. ಉಳಿದವೆಲ್ಲ ಇದರ ಬೆನ್ನಿಗೇ ಬರುತ್ತವೆ. ಅಂಕ ನೋಡಿ ಹೆದರುತ್ತೇವೆ, ಆದರೆ ಆ ಅಂಕ ಎಲ್ಲಿಂದ ಬಂತು ಎಂದು ಓದುವುದಿಲ್ಲ. ಜ್ವರ ಎಷ್ಟಿದೆ ಅಂತ ನೋಡಿ, ಯಾವ ಜ್ವರ ಅಂತ ಕೇಳದೆ ಮಾತ್ರೆ ನುಂಗಿದ ಹಾಗೆ.

ಸಿಬಿಲ್ ಅನ್ನುವುದು ಒಂದು ಕಂಪನಿಯ ಹೆಸರು. ನಾವು ಸಾಲ ಹೇಗೆ ಕಟ್ಟಿದ್ದೇವೆ ಅಂತ ಬ್ಯಾಂಕುಗಳಿಂದ ಮಾಹಿತಿ ತೆಗೆದುಕೊಂಡು ವರದಿ ಮಾಡಿ, ಅಂಕ ಕೊಡುವುದು ಅದರ ಕೆಲಸ. 2000ದಲ್ಲಿ ಶುರುವಾಯಿತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್ ಅನ್ನುತ್ತಾರೆ. ಇದೇ ಕೆಲಸ ಮಾಡುವ ಕಂಪನಿಗಳು ಇನ್ನೂ ಮೂರಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಇವಕ್ಕೆ 2005ರ ಕಾನೂನೊಂದಿದೆ, ಮೇಲೆ ರಿಸರ್ವ್ ಬ್ಯಾಂಕ್ ಇದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ನಿಮ್ಮ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಅಂಕ ಒಂದು ಚೂರೂ ಇಳಿಯುವುದಿಲ್ಲ. ಇಳಿಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಎಷ್ಟೋ ಜನ ವರ್ಷಗಟ್ಟಲೆ ನೋಡಿಯೇ ಇರುವುದಿಲ್ಲ.

ಒಂದು ವರದಿಯನ್ನು ನಿಮ್ಮ ಜೊತೆ ಕೂತು ಓದಿದ ಹಾಗೆ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಒಬ್ಬರು ಮನೆಗೆ ಬಂದಿದ್ದರು. ಅಂಗಡಿ ಹಾಕಲು ಸಾಲ ಕೇಳಿದ್ದರು, ಬ್ಯಾಂಕಿನವರು ಆಗುವುದಿಲ್ಲ ಅಂದಿದ್ದರು. ವರದಿ ತೆಗೆಸಿದೆ. ಹನ್ನೊಂದು ಪುಟ. ಇಬ್ಬರೂ ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತೆವು.

ಪ್ರತಿ ಸಾಲಕ್ಕೂ ಕೆಳಗೆ ಸಣ್ಣ ಸಣ್ಣ ಚೌಕಗಳಿರುತ್ತವೆ. ಒಂದು ಚೌಕ ಅಂದರೆ ಒಂದು ತಿಂಗಳು. ಹೀಗೆ 36 ತಿಂಗಳ ಲೆಕ್ಕ. ಚೌಕದಲ್ಲಿ 000 ಇದ್ದರೆ ಆ ತಿಂಗಳು ಸರಿಯಾಗಿ ಕಟ್ಟಿದ್ದೀರಿ. 30 ಇದ್ದರೆ ಕಂತು 30 ದಿನ ತಡವಾಗಿದೆ. 90 ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ.

ಅವರ ಬೈಕ್ ಸಾಲ ಚೆನ್ನಾಗಿತ್ತು. ಎಲ್ಲ ಸೊನ್ನೆ, ಸಾಲ ತೀರಿದೆ. ಎರಡನೆಯದು ಮೊಬೈಲ್ ಫೋನ್ ಸಾಲ. ಹತ್ತು ಕಂತೂ ಕಟ್ಟಿದ್ದರು. ಆದರೆ ಕಂತು ಮುಗಿದ ಮೇಲಿನ ಚೌಕಗಳಲ್ಲಿ 30, 61, 91 ಅಂತ ಏರುತ್ತಾ ಮುನ್ನೂರು ದಾಟಿತ್ತು. ಬಾಕಿ ಎಷ್ಟು ಅಂತ ನೋಡಿದರೆ 590 ರೂಪಾಯಿ. ಒಂದು ತಿಂಗಳು ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಗಿತ್ತು. ಆಮೇಲೆ ಕಂತು ಕಟ್ಟಿದ್ದರು, ಬೌನ್ಸ್ ಚಾರ್ಜ್ 500, ಅದರ ಜಿಎಸ್‌ಟಿ 90 ಹಾಗೇ ಉಳಿದಿತ್ತು. ಆ ಮನುಷ್ಯ ಎರಡು ನಿಮಿಷ ಮಾತಾಡಲಿಲ್ಲ. "ನಾನು ಒಂದು ಸ್ವಿಚ್ ಬೋರ್ಡ್ ಹಾಕಿದರೆ ಇಷ್ಟು ದುಡಿಯುತ್ತೇನೆ ಸಾರ್" ಅಂದರು.

ಮೂರನೆಯದು ಟ್ರ್ಯಾಕ್ಟರ್ ಸಾಲ. ಅವರಿಗೆ ಜಮೀನೇ ಇಲ್ಲ! ಪಕ್ಕದ ಹೋಬಳಿಯಲ್ಲಿ ಅವರದೇ ಹೆಸರಿನ, ತಂದೆಯ ಹೆಸರೂ ಒಂದೇ ಆಗಿದ್ದ ಇನ್ನೊಬ್ಬರಿದ್ದರು. ಅವರ ಸಾಲ ಇವರ ವರದಿಗೆ ಬಂದು ಕೂತಿತ್ತು.

ನೋಡಿ, ಒಂದೇ ಅಂಕದ ಹಿಂದೆ ಎರಡು ಬೇರೆ ಬೇರೆ ಕಾಯಿಲೆ. 590 ರೂಪಾಯಿ ನಿಜವಾದ ಬಾಕಿ, ಅದನ್ನು ಕಟ್ಟಬೇಕು. ಟ್ರ್ಯಾಕ್ಟರ್ ಸಾಲ ತಪ್ಪು ದಾಖಲೆ, ಅದರ ಮೇಲೆ ದೂರು ಕೊಡಬೇಕು. ಅಂಕ ಮಾತ್ರ ನೋಡಿದ್ದರೆ ಇದು ಗೊತ್ತಾಗುತ್ತಿತ್ತಾ?

ದೂರು ಕೊಡುವುದು ಹೇಗೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲೇ ಅದಕ್ಕೆ ಜಾಗ ಇದೆ. ದುಡ್ಡು ಕೊಡಬೇಕಾಗಿಲ್ಲ. ಆ ಕಂಪನಿ ತಾನಾಗಿ ಏನನ್ನೂ ಅಳಿಸುವುದಿಲ್ಲ. ಸಾಲ ಕೊಟ್ಟವರನ್ನು ಕೇಳುತ್ತದೆ, ಅವರು ಒಪ್ಪಿದರೆ ಮಾತ್ರ ತಿದ್ದುತ್ತದೆ. ಹಾಗಾಗಿ ಸಾಲ ಕೊಟ್ಟ ಬ್ಯಾಂಕಿಗೂ ಅವತ್ತೇ ಒಂದು ಪತ್ರ ಬರೆಯಿರಿ. ಎಲ್ಲ ಸೇರಿ 30 ದಿನದೊಳಗೆ ಮುಗಿಸಬೇಕು. ಮುಗಿಯದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ತಿದ್ದುವುದಿಲ್ಲ ಅಂದರೆ ಯಾಕೆ ಅನ್ನುವುದನ್ನೂ ಹೇಳಬೇಕು. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು. ವರದಿ ಕಂಪನಿಗಳ ಮೇಲಿನ ದೂರನ್ನೂ 2022ರ ಸೆಪ್ಟೆಂಬರ್‌ನಿಂದ ಅಲ್ಲಿ ತೆಗೆದುಕೊಳ್ಳುತ್ತಾರೆ.

ಎಲೆಕ್ಟ್ರಿಷಿಯನ್ ಅವರ ಟ್ರ್ಯಾಕ್ಟರ್ ಸಾಲ 26ನೇ ದಿನಕ್ಕೆ ವರದಿಯಿಂದ ಹೋಯಿತು. ವಕೀಲರು ಬೇಕಾಗಲಿಲ್ಲ, ಏಜೆಂಟರೂ ಬೇಕಾಗಲಿಲ್ಲ.

ಏಜೆಂಟ್ ಅಂದೆ. "ಹತ್ತು ಸಾವಿರ ಕೊಡಿ, ಹದಿನೈದು ದಿನದಲ್ಲಿ ಸಿಬಿಲ್ 750 ಮಾಡಿಸುತ್ತೇವೆ" ಅನ್ನುವವರು ಈಗ ಎಲ್ಲ ಕಡೆ ಇದ್ದಾರೆ. ದಯವಿಟ್ಟು ಕೊಡಬೇಡಿ. ತಪ್ಪು ದಾಖಲೆ ಇದ್ದರೆ ಅದೇ ದೂರನ್ನು ನೀವು ಪುಕ್ಕಟೆ ಕೊಡಬಹುದು. ದಾಖಲೆ ನಿಜವಾಗಿದ್ದರೆ ಅದನ್ನು ಅಳಿಸುವ ಶಕ್ತಿ ಯಾವ ಏಜೆಂಟರಿಗೂ ಇಲ್ಲ. ದುಡ್ಡು ಹೋಗುವುದು ಒಂದು ಕಡೆ ಇರಲಿ. ನಿಮ್ಮ ಪಾನ್, ಆಧಾರ್, ಮೇಲೆ ಓಟಿಪಿ, ಮೂರೂ ಅವರ ಕೈಗೆ ಹೋಗುತ್ತದೆ. ನಾಳೆ ನಿಮ್ಮ ಹೆಸರಿನಲ್ಲಿ ಯಾವುದೋ ಆ್ಯಪ್‌ನಲ್ಲಿ ಸಾಲ ಎದ್ದರೆ ಯಾರನ್ನು ಕೇಳುತ್ತೀರಿ? ಕಷ್ಟದಲ್ಲಿರುವವರ ಹತ್ತಿರವೇ ಹೀಗೆ ಕಿತ್ತುಕೊಳ್ಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಸೆಟಲ್‌ಮೆಂಟ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾನು ಕಂಡ ಹಾಗೆ, ಒಳ್ಳೆಯ ಜನ ಜಾಸ್ತಿ ಬೀಳುವುದು ಇದರಲ್ಲೇ.

ಹೋಟೆಲ್ ನಡೆಸುವ ಒಬ್ಬರು. ವ್ಯಾಪಾರ ಬಿದ್ದಾಗ ಕ್ರೆಡಿಟ್ ಕಾರ್ಡ್ ಬಾಕಿ ಬೆಳೆದು 1,40,000 ಆಯಿತು. ವಸೂಲಿಯವರು ಫೋನ್ ಮಾಡಿ "55,000 ಕಟ್ಟಿ, ಮುಗಿಸಿಬಿಡೋಣ" ಅಂದರು. ಇವರು ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದರು. ಒಂದು ಪತ್ರವೂ ಬಂತು. ಸಾಲ ತೀರಿತು ಅಂತ ದೇವಸ್ಥಾನಕ್ಕೆ ಹೋಗಿ ಬಂದರಂತೆ. ನಾಲ್ಕು ವರ್ಷ ಆದ ಮೇಲೆ ಮನೆ ಸಾಲಕ್ಕೆ ನನ್ನ ಮುಂದೆ ಕೂತರು. ಕಾರ್ಡಿನ ಸಾಲಿನಲ್ಲಿ "ಕ್ಲೋಸ್ಡ್" ಅಂತ ಇರಲಿಲ್ಲ, "ಸೆಟಲ್ಡ್" ಅಂತ ಇತ್ತು.

ನಮ್ಮ ಮಾತಿನಲ್ಲಿ ಸೆಟಲ್ ಆಯಿತು ಅಂದರೆ ವ್ಯವಹಾರ ಮುಗಿಯಿತು ಅಂತ, ಅಲ್ವಾ? ವರದಿಯಲ್ಲಿ ಅದರ ಅರ್ಥ ಬೇರೆ. ಈ ಮನುಷ್ಯ ಪೂರ್ತಿ ಕಟ್ಟಲಿಲ್ಲ, ನಾವು ಸಿಕ್ಕಷ್ಟಕ್ಕೆ ಒಪ್ಪಿಕೊಂಡು ಉಳಿದದ್ದು ಬಿಟ್ಟೆವು ಅಂತ. ಆಮೇಲೆ ಸಾಲ ಕೊಡುವವರು ಅದನ್ನು ಹಾಗೇ ಓದುತ್ತಾರೆ. "ರಿಟನ್ ಆಫ್", ಅಂದರೆ ಇದು ವಸೂಲಾಗುವುದಿಲ್ಲ ಅಂತ ಬ್ಯಾಂಕ್ ಲೆಕ್ಕದಿಂದ ತೆಗೆದ ಸಾಲ, ಅಂತ ಇದ್ದರೆ ಇನ್ನೂ ಕಷ್ಟ.

ಅವರಿಗೆ ನಾನು ಹೇಳಿದ್ದು ಇಷ್ಟು. ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆಯಿರಿ. ಎಷ್ಟು ಬಿಟ್ಟಿದ್ದೀರಿ, ಅದನ್ನು ಕಟ್ಟಿದರೆ ಕ್ಲೋಸ್ಡ್ ಅಂತ ಬದಲಾಯಿಸಿ ಬೇಬಾಕಿ ಪತ್ರ ಕೊಡುತ್ತೀರಾ ಅಂತ ಕೇಳಿ. ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಕಟ್ಟಿ. ಅವರು ಒಂದು ವರ್ಷ ದುಡ್ಡು ಕೂಡಿಸಿ ಹಾಗೇ ಮಾಡಿದರು. ಕಟ್ಟಿದ ಮೇಲೂ ಹಿಂದಿನ ತಿಂಗಳ ಕೆಟ್ಟ ಚೌಕಗಳು ಹಾಗೇ ಇದ್ದವು. ಅವು ತಕ್ಷಣ ಹೋಗುವುದಿಲ್ಲ. ಆದರೆ ಕೊನೆಯ ಮಾತು ಬದಲಾಯಿತು, ಬಾಕಿ ಸೊನ್ನೆಯಾಯಿತು.

ಹಾಗಂತ ಸೆಟಲ್‌ಮೆಂಟ್ ಮಾಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ದೊಡ್ಡ ಕಾಯಿಲೆ, ದುಡಿಯುವವರೇ ಇಲ್ಲ, ಪೂರ್ತಿ ಕಟ್ಟುವ ದಾರಿಯೇ ಇಲ್ಲ ಅಂದಾಗ ಬಾಕಿ ಹಾಗೇ ಬಿಡುವುದಕ್ಕಿಂತ ಅದು ಮೇಲು. ಆದರೆ ಕಟ್ಟುವ ಮೊದಲು ಪತ್ರ ಕೈಗೆ ಬರಲಿ. ದುಡ್ಡು ಸಾಲದ ಖಾತೆಗೇ ಹೋಗಲಿ. ವಸೂಲಿಗೆ ಬಂದ ಹುಡುಗನ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಕಾಗದದ ಬೆಲೆ ನನಗೆ ಗೊತ್ತಾದದ್ದೂ ಪೆಟ್ಟು ತಿಂದ ಮೇಲೆಯೇ. 2013ರಲ್ಲಿ ಗೆಳೆಯರೊಬ್ಬರ ವಾಹನ ಸಾಲಕ್ಕೆ ಜಾಮೀನು ಹಾಕಿದ್ದೆ. ಹಾಕಿ ಮರೆತೂ ಬಿಟ್ಟಿದ್ದೆ. ಮಗಳ ಓದಿನ ಸಾಲಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಮೆಲ್ಲಗೆ, "ಸಾರ್, ನಿಮ್ಮ ವರದಿಯಲ್ಲಿ ಒಂದು ಬಾಕಿ ತೋರಿಸುತ್ತಿದೆ" ಅಂದರು. ಗೆಳೆಯರು ಮೂರು ಕಂತು ಕಟ್ಟಿರಲಿಲ್ಲ. ಜಾಮೀನು ಹಾಕಿದ ಸಾಲವೂ ನಮ್ಮ ವರದಿಯಲ್ಲಿ ಬರುತ್ತದೆ. ಸಾಲದ ಮೇಜಿನಲ್ಲಿ ಕೂತು ಬೇರೆಯವರಿಗೆ ಇದನ್ನೇ ಹೇಳುತ್ತಿದ್ದವನು ನಾನು. ಅವತ್ತು ಮಗಳ ಮುಖ ನೋಡಲು ಆಗಲಿಲ್ಲ.

ಆಮೇಲೆ ನಾನು ಮಾಡಿದ್ದೂ ತಪ್ಪೇ. ಎರಡು ತಿಂಗಳು ಗೆಳೆಯರ ಜೊತೆ ಫೋನಿನಲ್ಲಿ ಜಗಳ ಆಡಿದೆ. ಅಷ್ಟರಲ್ಲಿ ಚೌಕದ ಸಂಖ್ಯೆ ಏರುತ್ತಲೇ ಹೋಯಿತು. ಕೊನೆಗೆ ಸಿಟ್ಟಿನಲ್ಲಿ ನಾನೇ ಬಾಕಿ ಕಟ್ಟಿದೆ. ವಸೂಲಿಗೆ ಬಂದವರು ಕೊಟ್ಟ ಚೀಟಿ ಜೇಬಿಗೆ ಹಾಕಿಕೊಂಡೆ, ಪತ್ರ ಕೇಳಲಿಲ್ಲ. ಆರು ತಿಂಗಳಾದರೂ ವರದಿಯಲ್ಲಿ ಬಾಕಿ ಹಾಗೇ ಇತ್ತು. ಆ ಚೀಟಿ ಹುಡುಕಿ, ಅರ್ಜಿ ಬರೆದು, ಮೂರು ಸಲ ಅಲೆದ ಮೇಲೆ ಸರಿಯಾಯಿತು. ಮೊದಲು ಬಾಕಿ ಕಟ್ಟಿ, ಪತ್ರ ತೆಗೆದುಕೊಂಡು, ಆಮೇಲೆ ಗೆಳೆಯರ ಜೊತೆ ಮಾತಾಡಬೇಕಿತ್ತು.

ಇನ್ನು ಅವಸರದ ತಪ್ಪುಗಳು. ಒಂದು ಬ್ಯಾಂಕ್ ಇಲ್ಲ ಅಂದ ತಕ್ಷಣ ಅದೇ ವಾರ ಇನ್ನು ಐದು ಕಡೆ ಅರ್ಜಿ ಹಾಕುವುದು. ಪ್ರತಿ ಅರ್ಜಿಗೂ ಅವರು ನಿಮ್ಮ ವರದಿ ತೆಗೆಯುತ್ತಾರೆ, ಅದು ವರದಿಯಲ್ಲೇ ದಾಖಲಾಗುತ್ತದೆ. ಈ ಮನುಷ್ಯ ದುಡ್ಡಿಗೆ ಒದ್ದಾಡುತ್ತಿದ್ದಾನೆ ಅಂತ ಓದುವವರಿಗೆ ಅನ್ನಿಸುತ್ತದೆ. ಮೊದಲು ಯಾಕೆ ಇಲ್ಲ ಅಂದರು ಅಂತ ಕೇಳಿ. ಅದನ್ನು ಸರಿ ಮಾಡಿ, ಕೆಲವು ತಿಂಗಳು ಬಿಟ್ಟು ಹೋಗಿ.

ಹಳೆ ಕಂತು ಕಟ್ಟಲು ಆ್ಯಪ್‌ನಲ್ಲಿ ಹೊಸ ಸಾಲ ಎತ್ತುವುದು ಇನ್ನೊಂದು. ಆ್ಯಪ್ ಸಾಲ ಸಣ್ಣದು, ಅದು ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಅದೂ ವರದಿಗೆ ಹೋಗಬೇಕು ಅಂತ 2022ರಲ್ಲೇ ನಿಯಮ ಆಗಿದೆ. ಮೈಕ್ರೋಫೈನಾನ್ಸ್ ಸಾಲವೂ ಹಾಗೇ, ವಾರದ ಕಂತು ಅಂತ ಹಗುರ ಮಾಡಬೇಡಿ ಅಮ್ಮ.

ಕಾರ್ಡ್ ವಿಷಯ ಬೇಗ ಮುಗಿಸುತ್ತೇನೆ. ಕತ್ತರಿಯಲ್ಲಿ ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ. ವಾರ್ಷಿಕ ಶುಲ್ಕ ಬರುತ್ತಲೇ ಇರುತ್ತದೆ, ಅದರ ಮೇಲೆ ಬಡ್ಡಿಯೂ ಏರುತ್ತದೆ. ಬಾಕಿ ಕಟ್ಟಿ, ಮುಚ್ಚಿ ಅಂತ ಬರೆದುಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಆದರೆ ಚೆನ್ನಾಗಿ ನಡೆಯುತ್ತಿರುವ ಹಳೆ ಕಾರ್ಡನ್ನು ಹೆದರಿಕೊಂಡು ಸುಮ್ನೆ ಮುಚ್ಚಬೇಡಿ. ನೀವು ಇಷ್ಟು ವರ್ಷ ಸರಿಯಾಗಿ ಕಟ್ಟಿದ್ದಕ್ಕೆ ಅದೇ ಸಾಕ್ಷಿ. ಮಿತಿ ಒಂದು ಲಕ್ಷ ಇದ್ದರೆ ಪ್ರತಿ ತಿಂಗಳು ತೊಂಬತ್ತು ಸಾವಿರ ಬಳಸಬೇಡಿ, ಅಷ್ಟೇ.

ಯಾರೂ ಕಾರ್ಡ್ ಕೊಡುತ್ತಿಲ್ಲ, ಸಾಲವೂ ಹುಟ್ಟುತ್ತಿಲ್ಲ ಅನ್ನುವವರು ಇಟ್ಟ ಎಫ್‌ಡಿ ಮೇಲೆ ಕೊಡುವ ಕಾರ್ಡ್ ಕೇಳಿ ನೋಡಿ. ತಿಂಗಳಿಗೊಂದು ಸಲ ಅದರಲ್ಲಿ ದಿನಸಿ ತನ್ನಿ, ಬಿಲ್ ಬಂದಾಗ ಪೂರ್ತಿ ಕಟ್ಟಿ. ಒಂದೊಂದೇ ಸೊನ್ನೆ ಸೇರುತ್ತಾ ಹೋಗುತ್ತದೆ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. 2025ರ ಜನವರಿಯಿಂದ ಬ್ಯಾಂಕುಗಳು ಕಡಿಮೆ ಅಂದರೂ 15 ದಿನಕ್ಕೊಂದು ಸಲ ಮಾಹಿತಿ ಕಳಿಸಬೇಕು. ಹಾಗಾಗಿ ಕಟ್ಟಿದ ಬಾಕಿ ಬೇಗ ಸೊನ್ನೆಯಾಗಿ ಕಾಣುತ್ತದೆ. ಅಂಕ ಏರಲು ಮಾತ್ರ ತಿಂಗಳುಗಳು ಬೇಕು. ಆ ಎಲೆಕ್ಟ್ರಿಷಿಯನ್‌ಗೆ ಸಾಲ ಸಿಗಲು ಹನ್ನೊಂದು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಬಂದು "ಬಿಟ್ಟುಬಿಡಲಾ ಸಾರ್" ಅಂದಿದ್ದರು. ಈಗ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ ಇದೆ.

ಕಂತು ಕಟ್ಟಲು ಆಗುತ್ತಿಲ್ಲ ಅಂತ ಈಗಲೇ ಅನ್ನಿಸುತ್ತಿರುವವರು ಈ ಸಭೆಯಲ್ಲೂ ಇರಬಹುದು. ಫೋನ್ ಎತ್ತದೆ ಕೂರಬೇಡಿ. 90 ದಿನ ಆಗುವ ಮೊದಲೇ ಶಾಖೆಗೆ ಹೋಗಿ, ಆಸ್ಪತ್ರೆ ಬಿಲ್ಲೋ, ಕೆಲಸ ಹೋದ ಪತ್ರವೋ ತೋರಿಸಿ ಅವಧಿ ಹೆಚ್ಚಿಸಿ ಅಂತ ಅರ್ಜಿ ಕೊಡಿ. ಒಪ್ಪಿದರೆ ಅದೂ ವರದಿಯಲ್ಲಿ ಕಾಣುತ್ತದೆ, ಮುಚ್ಚಿಡುವುದಿಲ್ಲ. ಆದರೂ ಕೆಟ್ಟ ಸಾಲ ಅನ್ನಿಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ಮೇಜಿನ ಈ ಕಡೆ ಕೂತವನಾಗಿ ಹೇಳುತ್ತೇನೆ, ತಾವಾಗಿ ಬಂದು ಕಷ್ಟ ಹೇಳಿಕೊಂಡವರಿಗೆ ಏನಾದರೂ ದಾರಿ ಹುಡುಕುವುದು ನಮಗೂ ಸುಲಭ ಆಗುತ್ತಿತ್ತು.

ಕಾಫಿ ಬಂದಿದೆ. ನಾನು ಕಿಟಕಿ ಹತ್ತಿರದ ಮೇಜಿನಲ್ಲಿ ಕೂತಿರುತ್ತೇನೆ. ವರದಿ ತಂದವರು ಬನ್ನಿ, ಸಾಲು ಸಾಲಾಗಿ ಓದೋಣ. ತರದವರು ಮೊಬೈಲ್‌ನಲ್ಲಿ ಇಲ್ಲೇ ತೆಗೆಯಬಹುದು, ಹೇಗೆ ಅಂತ ತೋರಿಸುತ್ತೇನೆ. ಓಟಿಪಿ ಬಂದಾಗ ನೀವೇ ಒತ್ತಿ, ನನಗೂ ಹೇಳಬೇಡಿ.